ತೇಪೆ

ಮಾಮಾ ಯುದ್ಧದ ಮಾತು ಆಡುತ್ತಿರಲಿಲ್ಲ. ನಮ್ಮವ್ವನ ಬೆನ್ನಿಗೆ ಬಿದ್ದ ತಮ್ಮ ಅವರು. ವಾಯುಪಡೆಯಲ್ಲಿ 15 ವರ್ಷ ಏರ್‌ಫ್ರೇಮ್ ಫಿಟರ್ ಆಗಿ ದುಡಿದು, ರಾಯಬಾಗ ತಾಲ್ಲೂಕಿನ ಚಿಂಚಲಿ ಹತ್ತಿರದ ತಮ್ಮ ಹಳ್ಳಿಗೆ ಮರಳಿ, ಕಬ್ಬು ಹಚ್ಚಿಕೊಂಡು ಉಳಿದಿದ್ದರು. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜತೆಗಿನ ಯುದ್ಧದ ಹೊತ್ತಿಗೆ, ಅವರು ಉತ್ತರದ ಒಂದು ವಿಮಾನ ನೆಲೆಯಲ್ಲಿದ್ದರು ಎನ್ನುವುದು ಮನೆ ಮಂದಿಗೆಲ್ಲ ಗೊತ್ತಿತ್ತು. ಅಲ್ಲಿ ಏನು ಕಂಡರು, ಏನು ಮಾಡಿದರು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಮಾಯಕ್ಕನ ಜಾತ್ರೆಗೆ ಬಂದ ಬೀಗರು ಕೇಳಿದರೆ, "ಏನೈತಿ ಹೇಳಾಕ? ಕೆಲಸ ಮಾಡೀವಿ, ಬಂದೀವಿ" ಅಂದು ದನದ ಕೊಟ್ಟಿಗೆಯ ಕಡೆ ಎದ್ದು ಹೋಗುತ್ತಿದ್ದರು.

ಅವರ ಬಾಯಿಂದ ಆ ಮಾತು ಹೊರಡಿಸಿದ್ದು 36 ಸೆಂಟಿಮೀಟರ್ ಉದ್ದದ ಒಂದು ಮಾದರಿ ವಿಮಾನ.

1997ರಲ್ಲಿ ನಾನು ಅಥಣಿಯಲ್ಲಿ ಮನೆ ಮಾಡಿಕೊಂಡು, ಕಾಗವಾಡ ಕಡೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದೆ. ಸ್ವಾತಂತ್ರ್ಯ ಬಂದು 50 ವರ್ಷ ತುಂಬಿದ ಸಂಭ್ರಮ. ಮಕ್ಕಳ ಮುಂದೆ ಇಡುವಂಥದ್ದೇನಾದರೂ ಕೈಯಾರೆ ಮಾಡಬೇಕೆನಿಸಿತು. ನಮ್ಮ ಜಿಲ್ಲೆಯ ಹುಡುಗರಿಗೆ ವಿಮಾನ ಅಂದರೆ ಸಾಂಬ್ರಾ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ ಬ್ರಿಟಿಷರು ಬೆಳಗಾವಿಯ ಪಕ್ಕದಲ್ಲಿ ಮಾಡಿದ ಆ ವಿಮಾನ ನಿಲ್ದಾಣದ ಬೇಲಿಯಾಚೆ ನಿಂತು ನಾನೂ ಚಿಕ್ಕವನಿದ್ದಾಗ ಕತ್ತು ನೋಯುವ ತನಕ ಆಕಾಶ ನೋಡಿದವನು. ಯುದ್ಧವಿಮಾನವನ್ನೇ ಮಾಡೋಣ, ಅದೂ ನಮ್ಮ ನಾಡಿನಲ್ಲಿ ಕಟ್ಟಿದ್ದನ್ನು, ಅದೂ ಮಾಮಾ ಮುಟ್ಟಿದ್ದನ್ನು ಎಂದು ನಿಶ್ಚಯಿಸಿದೆ. ಹಾಗೆ ನ್ಯಾಟ್ ಆಯ್ಕೆಯಾಯಿತು.

ನ್ಯಾಟ್ ಎಂದರೆ ನುಸಿ. ಹೆಸರಿಗೆ ತಕ್ಕ ಗಾತ್ರ: ಮೂಗಿನಿಂದ ಬಾಲದವರೆಗೆ 8.74 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 6.73 ಮೀಟರ್, ಎತ್ತರ ಎರಡೂವರೆ ಮೀಟರಿಗೂ ಕಡಿಮೆ. ಇಂಗ್ಲೆಂಡಿನ ಫೋಲಂಡ್ ಕಂಪನಿಯಲ್ಲಿ ಟೆಡ್ಡಿ ಪೆಟರ್ ಎಂಬ ಎಂಜಿನಿಯರ್ ರೂಪಿಸಿದ ಈ ವಿಮಾನ 1955ರಲ್ಲಿ ಮೊದಲ ಸಲ ಹಾರಿತು. ಬ್ರಿಟನ್ನಿನ ವಾಯುಪಡೆ ಇದನ್ನು ಯುದ್ಧಕ್ಕೆ ಇಟ್ಟುಕೊಳ್ಳಲಿಲ್ಲ. ಎರಡು ಸೀಟಿನ ತರಬೇತಿ ವಿಮಾನವಾಗಿ ಬದಲಿಸಿಕೊಂಡಿತು. ಭಾರತ ಇದನ್ನು ಯುದ್ಧಕ್ಕೇ ಆರಿಸಿತು, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಾನೇ ಕಟ್ಟತೊಡಗಿತು. ಸೊಲ್ಲಾಪುರದ ವಾಲಚಂದ ಹಿರಾಚಂದರು ಮೈಸೂರು ಸರ್ಕಾರದ ಜತೆಗೂಡಿ 1940ರ ಡಿಸೆಂಬರಿನಲ್ಲಿ ಹುಟ್ಟುಹಾಕಿದ ಕಾರ್ಖಾನೆ ಅದು. 1965ರ ಸೆಪ್ಟೆಂಬರ್ 3ರಂದು ನಮ್ಮ ವಾಯುಪಡೆಯ ಟ್ರೆವರ್ ಕೀಲರ್ ನ್ಯಾಟ್ ಏರಿ ಪಾಕಿಸ್ತಾನದ ಯುದ್ಧವಿಮಾನಗಳಾದ ಸೇಬರ್‌ಗಳನ್ನು ಎದುರಿಸಿ ವೀರಚಕ್ರ ಪಡೆದರು. ಅಂದಿನಿಂದ ಈ ಪುಟ್ಟ ವಿಮಾನಕ್ಕೆ 'ಸೇಬರ್ ಸ್ಲೇಯರ್', ಅಂದರೆ ಸೇಬರ್ ಸಂಹಾರಕ, ಎಂಬ ಹೆಸರು ಅಂಟಿಕೊಂಡಿತು.

ಅಳತೆ 1:24 ಎಂದು ಗೊತ್ತು ಮಾಡಿಕೊಂಡೆ. ನಿಜವಾದ ವಿಮಾನದ 24 ಸೆಂಟಿಮೀಟರ್ ನನ್ನ ಮಾದರಿಯಲ್ಲಿ 1 ಸೆಂಟಿಮೀಟರ್. ನಕ್ಷೆ ಸಿಕ್ಕಿದ್ದು ಕೊಲ್ಹಾಪುರದ ರದ್ದಿ ಅಂಗಡಿಯಲ್ಲಿ, ಹಳೆಯ ಇಂಗ್ಲಿಷ್ ಪತ್ರಿಕೆಯೊಂದರ ನಡುಪುಟದಲ್ಲಿ. ಮೇಲಿಂದ, ಪಕ್ಕದಿಂದ, ಎದುರಿನಿಂದ ಬರೆದ ಮೂರು ಚಿತ್ರ. ಅದು ಎರಡು ಸೀಟಿನ ತರಬೇತಿ ವಿಮಾನದ ನಕ್ಷೆಯಾಗಿತ್ತು. ಹಿಂದಿನ ಸೀಟು ಕಳೆದು ಮೈ ಗಿಡ್ಡ ಮಾಡಿದರೆ ಯುದ್ಧವಿಮಾನವಾಗುತ್ತದೆ, ರೆಕ್ಕೆ ಎರಡಕ್ಕೂ ಒಂದೇ ಇರಬೇಕು ಎಂದುಕೊಂಡೆ.

ಕಟ್ಟಿಗೆ ಹಾಲವಾಣದ್ದು. ಹೊಲದ ಬದುವಿನಲ್ಲಿ ಕೆಂಪು ಹೂ ಬಿಡುವ ಮರ. ನಮ್ಮ ಗಡಿಯ ಮರಾಠಿ ಮಂದಿ ಪಾಂಗರಾ ಅನ್ನುತ್ತಾರೆ, ಸಾವಂತವಾಡಿಯ ಆಟಿಕೆಗಳನ್ನು ಇದರಲ್ಲಿ ಮಾಡುತ್ತ ಬಂದಿದ್ದಾರೆ. ಹಗುರ, ಉಳಿಗೆ ಬೇಗ ಒಗ್ಗುತ್ತದೆ. ರಟ್ಟಿನಲ್ಲಿ ವಿಮಾನದ ಮೈಯ ಅಡ್ಡಸೀಳುಗಳನ್ನು ಕತ್ತರಿಸಿಕೊಂಡು, ಒಂದೊಂದು ಕಡೆ ಕೆತ್ತಿದಾಗಲೂ ಆ ರಟ್ಟು ಕೂರಿಸಿ ದೀಪದೆದುರು ಹಿಡಿದು ನೋಡುತ್ತಿದ್ದೆ. ಕಟ್ಟಿಗೆ ಮತ್ತು ರಟ್ಟಿನ ನಡುವೆ ಬೆಳಕು ಇಣುಕಿದರೆ ಅಲ್ಲಿ ತಪ್ಪಿದೆ ಎಂದರ್ಥ. ಬೆಳಕು ಕಾಣದಂತಾಗುವ ತನಕ ಪಾಲಿಶ್ ಪೇಪರ್ ಉಜ್ಜುವುದು. ನಾಲ್ಕು ತಿಂಗಳು ಹೀಗೆ ಹೋಯಿತು.

ದೀಪಾವಳಿಗೆ ಮಾಮಾನ ಮನೆಗೆ ಹೋದಾಗ ಬಟ್ಟೆಯಲ್ಲಿ ಸುತ್ತಿ ಅದನ್ನೂ ಒಯ್ದೆ. ಬಣ್ಣವಿಲ್ಲ, ಗಾಜಿಲ್ಲ, ಬರೀ ಕಟ್ಟಿಗೆ. ಪಡಸಾಲೆಯಲ್ಲಿ ಕೂತಿದ್ದ ಮಾಮಾ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎರಡೂ ರೆಕ್ಕೆಗಳ ತುದಿಗೆ ಒಂದೊಂದು ಬೆರಳು ಅಡ್ಡ ಇಟ್ಟರು.

"ಮೈ ಬರೋಬ್ಬರಿ ಐತಿ ಅನಸ್ತತಿ. ರೆಕ್ಕಿ ಹೆಚ್ಚಾತು. ಆ ಕಡೆ ಒಂದ ಬೆರಳ, ಈ ಕಡೆ ಒಂದ ಬೆರಳ."

ನಕ್ಷೆ ತೋರಿಸಿದೆ, ಸ್ಕೇಲ್ ಹಚ್ಚಿ ಅಳೆದು ತೋರಿಸಿದೆ. ಅವರು ತಲೆ ಅಲ್ಲಾಡಿಸಿದರು. "ನಕ್ಷಾ ಇರಬಹುದು. ಇದು ನಮ್ಮ ವಿಮಾನ ಅಲ್ಲ."

ಬೆಂಗಳೂರಿಗೆ ಹೋದಾಗ ಗ್ರಂಥಾಲಯವೊಂದರಲ್ಲಿ ಹುಡುಕಿ ನೋಡಿದೆ. ತರಬೇತಿ ವಿಮಾನದ ರೆಕ್ಕೆ 7.32 ಮೀಟರ್, ಯುದ್ಧವಿಮಾನದ್ದು 6.73. ಇಪ್ಪತ್ನಾಲ್ಕರಿಂದ ಭಾಗಿಸಿದರೆ ಒಂದು 30.5 ಸೆಂಟಿಮೀಟರ್, ಇನ್ನೊಂದು 28. ವ್ಯತ್ಯಾಸ ಎರಡೂವರೆ ಸೆಂಟಿಮೀಟರ್. ಆ ಕಡೆ ಒಂದು ಬೆರಳು, ಈ ಕಡೆ ಒಂದು ಬೆರಳು. ವಾಯುಪಡೆ ಬಿಟ್ಟು ಎಷ್ಟೋ ವರ್ಷವಾದ ಮೇಲೆ, ಕೈಯಲ್ಲಿ ಕುಡುಗೋಲು ಹಿಡಿದೇ ಬದುಕಿದ ಮನುಷ್ಯ, ಇಪ್ಪತ್ನಾಲ್ಕನೇ ಒಂದು ಪಾಲಿನ ಮಾದರಿಯಲ್ಲಿ ಒಂದು ಬೆರಳಿನ ಹೆಚ್ಚುಕಡಿಮೆಯನ್ನು ಕಣ್ಣಳತೆಯಲ್ಲೇ ಹಿಡಿದಿದ್ದರು. ಆ ಗ್ರಂಥಾಲಯದ ಮೇಜಿನ ಮುಂದೆ ಕೂತಾಗ ನನಗೆ ಮೈ ಜುಮ್ಮೆಂದಿತು. ಮಾಮಾ ಏನನ್ನೂ ಮರೆತಿರಲಿಲ್ಲ. ಹೇಳಿರಲಿಲ್ಲ, ಅಷ್ಟೇ.

ಮುಂದಿನ ಬೇಸಿಗೆ ರಜೆಯಲ್ಲಿ ಮಿರಜಿನಿಂದ ರೈಲು ಹತ್ತಿ ದೆಹಲಿಗೆ ಹೋದೆ. ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿ ನಿಜವಾದ ನ್ಯಾಟ್ ಇದೆ. ಮೊದಲು ಕಂಡಾಗ, ಇಷ್ಟೇನಾ ಎನ್ನಿಸಿತು. ನಮ್ಮೂರಿನ ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರ್ ಕಟ್ಟಿಕೊಂಡರೆ ಇದಕ್ಕಿಂತ ಉದ್ದವಾಗುತ್ತದೆ. ನೆಲದ ಮೇಲೆ ನಿಂತಂತೆಯೇ ಕೈಗೆ ಸಿಗುವಷ್ಟು ಗಿಡ್ಡ. ಅದರ ಎರಡೂ ಪಕ್ಕದ ಗಾಳಿಬಾಯಿಗಳಲ್ಲಿ 30 ಎಂಎಂ ತೋಪು ಒಂದೊಂದು. ಗಾಲಿಗಳ ಬಳಿ ಕೂತು ಅರ್ಧ ದಿನ ಚಿತ್ರ ಬರೆದುಕೊಂಡೆ. ಊರಿಗೆ ಬಂದು ಹಳೆಯ ರೆಕ್ಕೆ ಕಿತ್ತು ಹೊಸದಾಗಿ ಕೆತ್ತಿದೆ.

ಇನ್ನು ಮೈಗೆ ತಗಡು ಹೊದಿಸುವ ಕೆಲಸ. ಕಟ್ಟಿಗೆಗೆ ಬಣ್ಣ ಬಳಿದರೆ ಕಟ್ಟಿಗೆಯ ವಿಮಾನ ಕಟ್ಟಿಗೆಯಂತೆಯೇ ಕಾಣುತ್ತದೆ. ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ಬೇಕಿತ್ತು. ಅದು ಸಿಕ್ಕಿದ್ದು ನಿಪ್ಪಾಣಿಯಲ್ಲಿ. ತಂಬಾಕಿನ ಪೇಟೆ, ವಖಾರಗಳ ಊರು, ಬೀಡಿ ಕಟ್ಟುವ ಹೆಣ್ಣುಮಕ್ಕಳ ಊರು ಅದು. ಅಲ್ಲಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಬೀಡಿ ಲೇಬಲ್ ಅಚ್ಚು ಹಾಕಿ ಬಿಟ್ಟ ಹಳೆಯ ಪ್ಲೇಟುಗಳು ಗೋಡೆಗೆ ಒರಗಿದ್ದವು. ತೂಕದ ಲೆಕ್ಕದಲ್ಲಿ ಕೊಟ್ಟರು. ಈಗಲೂ ನನ್ನ ವಿಮಾನದ ತಗಡಿನ ಒಳಮೈಯಲ್ಲಿ, ಯಾರಿಗೂ ಕಾಣದಂತೆ, ಬೀಡಿ ಕಟ್ಟಿನ ಅಕ್ಷರಗಳಿವೆ.

ಆ ತಗಡು ಗಡುಸು. ಬಾಗಿಸಿದರೆ ಮತ್ತೆ ಸೆಟೆಯುತ್ತದೆ. ಅದನ್ನು ಪಳಗಿಸುವ ಉಪಾಯವನ್ನು ಹೇಳಿಕೊಟ್ಟವರು ಮಾಮಾ. ತಗಡಿಗೆ ಬಟ್ಟೆ ಸಾಬೂನು ಸವರಿ ಸ್ಟೋವಿನ ಉರಿಯ ಮೇಲೆ ಆಡಿಸಬೇಕು. ಸಾಬೂನು ಕಂದಾಗಿ, ಆಮೇಲೆ ಕಪ್ಪಗಾದ ಗಳಿಗೆಗೆ ಉರಿಯಿಂದ ತೆಗೆಯಬೇಕು. ಅದಕ್ಕಿಂತ ಮುಂಚೆ ತೆಗೆದರೆ ಗಡುಸುತನ ಹೋಗುವುದಿಲ್ಲ. ತಡ ಮಾಡಿದರೆ ತಗಡು ಕರಗಿ ತೂತು ಬೀಳುತ್ತದೆ. ಅಲ್ಯೂಮಿನಿಯಂ ಕಾದದ್ದು ಕಣ್ಣಿಗೆ ಕಾಣುವುದಿಲ್ಲ, ಕೆಂಪಾಗುವುದಿಲ್ಲ. ಅದರ ಪರವಾಗಿ ಸಾಬೂನು ಮಾತಾಡುತ್ತದೆ. ತಣಿದ ಮೇಲೆ ಆ ತಗಡು ಹಸಿ ಚಪಾತಿಯ ಹಾಗೆ ಹೇಳಿದ ಕಡೆ ಬಾಗಿತು.

ಅಂಟಿಸಿದ್ದು ಅಥಣಿಯ ಚಪ್ಪಲಿ ಓಣಿಯಿಂದ ತಂದ ಸಲೂಶನ್‌ನಿಂದ. ಆ ಓಣಿಗೆ ಹೋದ ಮೇಲೆ ಅಲ್ಲಿಂದ ಇನ್ನೊಂದು ವಿದ್ಯೆಯನ್ನೂ ಕಲಿತು ಬಂದೆ. ವಿಮಾನದ ಮೈಯೆಂದರೆ ಸಾವಿರಾರು ರಿವೆಟ್‌ಗಳ ಸಾಲು. ಅವನ್ನು ತಗಡಿನ ಮೇಲೆ ಚುಚ್ಚಿ ಮೂಡಿಸಬೇಕು. ದರ್ಜಿಯ ಹಲ್ಲಿನ ಚಕ್ರದಿಂದ ನೇರ ಗೆರೆ ಬಂತು, ಬಾಗಿದ ಕಡೆ ಬರಲಿಲ್ಲ. ನನ್ನ ಪೇಚಾಟ ನೋಡಿದ ಒಬ್ಬ ಆಯಿ, "ತಾ ಇಲ್ಲಿ" ಅಂದರು. ಅರವತ್ತು ದಾಟಿದವರು, ಚಪ್ಪಲಿಯ ಅಟ್ಟೆಗೆ ತೊಗಲಿನ ದಾರ ಹೊಲಿಯುತ್ತ ಕೂತಿದ್ದರು. ಚರ್ಮ ಚುಚ್ಚುವ ಆರಿಯನ್ನು ಹೆಬ್ಬೆರಳಿಗೆ ಆನಿಸಿ ಹಿಡಿದು, ಅಳತೆ ಪಟ್ಟಿಯಿಲ್ಲದೆ, ಬಾಗಿದ ತಗಡಿನ ಮೇಲೆ ಸಾಲಾಗಿ ಚುಚ್ಚುತ್ತ ಹೋದರು. ಎರಡು ಚುಕ್ಕೆಯ ನಡುವಿನ ಅಂತರ ಎಲ್ಲೂ ತಪ್ಪಲಿಲ್ಲ.

"ಕಣ್ಣಲೆ ಅಳೀಬ್ಯಾಡ. ಕೈ ಒಂದ ಲಯಕ್ಕ ಬೀಳಬೇಕ. ಆಮ್ಯಾಲ ಅದ ತಾನ ಅಳಕೊಂಡ ಹೋಗ್ತೈತಿ."

ಒಂದು ಮೊಳೆ ಹೊಡೆಯದೆ ಹೊಲಿಯುವ ಆ ಚಪ್ಪಲಿಗೆ ಕೊಲ್ಹಾಪುರಿ ಎಂದು ಹೆಸರು. ಕೈ ಅಥಣಿಯದು, ನಿಪ್ಪಾಣಿಯದು. ಹೆಸರು ಬೇರೆ ಊರಿನದು. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳ ಹೆಸರೂ ಸೇರಿತು. ಆ ಸುದ್ದಿ ಓದಿದ ದಿನ ನನಗೆ ಆ ಆಯಿಯ ಹೆಬ್ಬೆರಳು ನೆನಪಾಯಿತು.

ಕಾಕ್‌ಪಿಟ್‌ನ ಗಾಜಿಗೆ ಹೊಸ ಅಂಗಿಯ ಡಬ್ಬಿಯ ಮೇಲಿನ ಪಾರದರ್ಶಕ ಪ್ಲಾಸ್ಟಿಕ್. ಗಾಜಿನ ಆಕಾರಕ್ಕೆ ಕಟ್ಟಿಗೆಯ ಅಚ್ಚು ಕೆತ್ತಿ, ಪ್ಲಾಸ್ಟಿಕ್ ಹಾಳೆಯನ್ನು ರಟ್ಟಿನ ಚೌಕಟ್ಟಿಗೆ ಬಿಗಿದು, ಸ್ಟೋವಿನ ಮೇಲೆ ಕಾಯಿಸಿ, ಅದು ಜೋಳಿಗೆಯಂತೆ ಇಳಿಬಿದ್ದ ಕೂಡಲೇ ಅಚ್ಚಿನ ಮೇಲೆ ಒತ್ತಬೇಕು. ಒಂದು ಉಸಿರಿನ ಕೆಲಸ. ಮೊದಲನೆಯದರಲ್ಲಿ ಗುಳ್ಳೆ ಎದ್ದಿತು, ಎರಡನೆಯದು ಸುಕ್ಕಾಯಿತು, ಏಳನೆಯದು ಕಣ್ಣೀರಿನಷ್ಟು ತಿಳಿಯಾಗಿ ಬಂತು.

ಬಣ್ಣದ ಹೊತ್ತಿಗೆ ಮಾಮಾ ತಾವಾಗಿಯೇ ಅಥಣಿಗೆ ಬರತೊಡಗಿದರು. ಕೃಷ್ಣೆ ದಾಟಿ, ಕುಡಚಿಯ ಮೇಲಿಂದ ಬಸ್ಸು ಹಿಡಿದು, ಪೇಟೆಯಲ್ಲಿ ಕೆಲಸವಿದೆ ಅನ್ನುತ್ತಿದ್ದರು. ಕೆಲಸ ಮೇಜಿನ ಮೇಲಿನ ವಿಮಾನದ್ದೇ ಎಂದು ನನಗೂ ತಿಳಿದಿತ್ತು. ಬೆಳ್ಳಿ ಬಣ್ಣ ಹಚ್ಚಲೇ ಎಂದು ಕೇಳಿದೆ. "ಮೊದಲ ಬೆಳ್ಳಗ ಹೊಳೀತಿದ್ದುವು. ಬಿಸಲಿಗೆ ಮ್ಯಾಲಿಂದ ಕಾಣಸ್ತಾವಂತ ಹಸರು, ಮಣ್ಣಬಣ್ಣ ಹಚ್ಚೀವಿ. ನಾವ, ಕೈಯಾಗ ಬ್ರಶ್ ಹಿಡದು." ಅಂದಮೇಲೆ ಬ್ರಶ್ಶಿನ ಗುರುತು ಅಳಿಸಬಾರದು ಎಂದು ಇಬ್ಬರೂ ಒಪ್ಪಿದೆವು. ರೆಕ್ಕೆಯ ಮೇಲಿನ ವೃತ್ತಗಳನ್ನು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು, ಕೈವಾರಕ್ಕೆ ಲೇಖನಿ ಕಟ್ಟಿ ಎಳೆದೆ.

ಗಾಲಿಯ ಬಾಗಿಲಿನ ಕೋನವನ್ನು ಮಾತ್ರ ಅವರು ತಾವೇ ಕೂರಿಸಿದರು. ನ್ಯಾಟ್‌ನಲ್ಲಿ ವೇಗ ತಗ್ಗಿಸಲು ಬೇರೆ ಬ್ರೇಕ್ ಇಲ್ಲ. ಹಾರುವಾಗಲೇ ಗಾಲಿಗಳನ್ನು ಅರ್ಧ ಇಳಿಸಿದರೆ ಆ ಬಾಗಿಲುಗಳೇ ಗಾಳಿಗೆ ಅಡ್ಡ ನಿಂತು ವಿಮಾನವನ್ನು ತಡೆಯುತ್ತವೆ. "ಇದರ ಕೀಲು ಎಷ್ಟ ಸಲ ಬಿಚ್ಚೇನಿ, ಎಷ್ಟ ಸಲ ಕೂಡಿಸೇನಿ, ಲೆಕ್ಕ ಇಲ್ಲ" ಅಂದರು. ನಾನು ಕೇಳದೆಯೇ ಅವರು ತಮ್ಮ ಕೆಲಸದ ಬಗ್ಗೆ ಆಡಿದ ಮೊದಲ ಮಾತು ಅದು.

ಅದಾದ ವಾರಕ್ಕೆ ಒಂದು ಸಂಜೆ ಮಳೆ ಹಿಡಿದು ಕರೆಂಟು ಹೋಗಿತ್ತು. ಕಂದೀಲಿನ ಬೆಳಕು. ನಾನು ರಟ್ಟಿನಲ್ಲಿ ಸೇಬರ್ ವಿಮಾನದ ಆಕಾರವನ್ನು ಅದೇ ಅಳತೆಗೆ ಕತ್ತರಿಸಿ ನ್ಯಾಟ್ ಪಕ್ಕ ಇಟ್ಟಿದ್ದೆ. 47 ಸೆಂಟಿಮೀಟರಿನ ರೆಕ್ಕೆಯ ಪಕ್ಕ 28 ಸೆಂಟಿಮೀಟರಿನ ರೆಕ್ಕೆ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಆರು ಸೇಬರ್‌ಗಳು ಬಂದು ಬಾಂಬ್ ಹಾಕುತ್ತಿರುವಾಗಲೇ ಹೊಗೆ ತುಂಬಿದ ರನ್‌ವೇಯಿಂದ ಇಂಥದೇ ನ್ಯಾಟ್‌ನಲ್ಲಿ ಮೇಲೇರಿ ಕಾದಾಡಿ ಮಡಿದವರು ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್. ವಾಯುಪಡೆಗೆ ಸಂದ ಒಂದೇ ಒಂದು ಪರಮವೀರಚಕ್ರ ಅವರದು. ಆ ಕಥೆಯನ್ನು ಮಕ್ಕಳಿಗೆ ಹೇಗೆ ಹೇಳಲಿ ಎಂದು ಮಾಮಾನನ್ನು ಕೇಳುತ್ತಿದ್ದೆ. ಅವರು ಉತ್ತರ ಕೊಡಲಿಲ್ಲ. ವಿಮಾನವನ್ನು ಅಂಗಾತ ತಿರುವಿ, ಹೊಟ್ಟೆಯ ಹಿಂಭಾಗದಲ್ಲಿ ಎಡಕ್ಕೆ, ಉಗುರು ಊರಿದರು.

"ಇಲ್ಲೆ ಒಂದ ತ್ಯಾಪಿ ಹಚ್ಚಬೇಕ."

"ಯಾಕ್ರಿ ಮಾಮಾ? ಯಾವ ಫೋಟೋದಾಗೂ ಇಲ್ಲಲ್ಲ."

"ಫೋಟೋದಾಗ ಇರೂದುಲ್ಲ. ನಾ ಹಚ್ಚೇನಿ."

ಆಮೇಲೆ ನಿಧಾನವಾಗಿ ಹೇಳಿದರು. ಒಂದು ಸಂಜೆ ಇಳಿದ ವಿಮಾನದ ಹೊಟ್ಟೆ ಒರೆಸುವಾಗ ಅವರ ಕೈಗೆ ಹರಿದ ತಗಡು ತಗುಲಿತು. ಗುಂಡಿನ ಚೂರು ಹೊಕ್ಕಿತ್ತು. ಹಾರಿಸಿದವರಿಗೂ ಅದು ಗೊತ್ತಾಗಿರಲಿಲ್ಲ. ಬೆಳಗಿಗೆ ವಿಮಾನ ಮತ್ತೆ ಬೇಕು. ಶತ್ರುವಿಗೆ ಕಾಣದಂತೆ ನೆಲೆಯಲ್ಲೆಲ್ಲ ದೀಪ ಆರಿಸಿದ್ದರು. ಬ್ಯಾಟರಿಗೆ ಕೆಂಪು ಬಟ್ಟೆ ಕಟ್ಟಿಕೊಂಡು, ಇವರು ಮತ್ತು ಕೇರಳದ ಒಬ್ಬ ಹುಡುಗ ಕೆಲಸಕ್ಕೆ ಕೂತರು. ಚಳಿಗೆ ಪಕ್ಕಡ ಬೆರಳಿಗೆ ಅಂಟುತ್ತಿತ್ತು. ಹರಿದ ಅಂಚನ್ನು ಕತ್ತರಿಸಿ ಗುಂಡಗೆ ಮಾಡಿದರು. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದರು. ಹಾಗೆ ಕೊರೆದರೆ ಬಿರುಕು ಮುಂದೆ ಓಡುವುದಿಲ್ಲ. ಅಂಗೈಯಷ್ಟು ತಗಡು ಕತ್ತರಿಸಿ ಮೇಲಿಟ್ಟು, ಹುಡುಗ ಒಳಗಿನಿಂದ ಕಬ್ಬಿಣದ ಆಸರೆ ಹಿಡಿದ, ಇವರು ಹೊರಗಿನಿಂದ ಬಡಿದರು. 14 ರಿವೆಟ್. ನಸುಕಿಗೆ ವಿಮಾನದ ಪುಸ್ತಕದಲ್ಲಿ ಕೆಲಸ ಮುಗಿಯಿತೆಂದು ಸಹಿ ಹಾಕಿದರು.

"ಅದು ಹೋಗಿ ತಿರುಗಿ ಬರೂತನಕಾ ನಾ ನೀರ ಸುದ್ದಾ ಕುಡೀಲಿಲ್ಲ. ಬಂತು. ಹೊಟ್ಟಿ ಕೆಳಗ ಹೋಗಿ ನೋಡಿದ್ನಿ. ಹದಿನಾಲ್ಕೂ ಇದ್ದುವು."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ.

"ಯಾರ ಕೇಳ್ಯಾರ? ಎಷ್ಟ ಮಂದೀನ ಹೊಡದ್ರಿ ಅಂತ ಕೇಳ್ತಿದ್ರು. ನಾ ಯಾರನ್ನೂ ಹೊಡದಿಲ್ಲ. ತ್ಯಾಪಿ ಹಚ್ಚೇನಿ."

ಆ ರಾತ್ರಿ ಕಂದೀಲಿನ ಬೆಳಕಿನಲ್ಲೇ ತೇಪೆ ಕತ್ತರಿಸಿದೆ. ಅವರು ಹೇಳಿದ ಅಳತೆಗೆ 5 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲ. ಸೂಜಿಯಿಂದ ಅದರ ಸುತ್ತ 14 ಚುಕ್ಕೆ ಚುಚ್ಚಿದೆ. ಮಾಮಾ ಕನ್ನಡಕ ಏರಿಸಿಕೊಂಡು ಒಂದೊಂದೇ ಎಣಿಸಿದರು. ಬಣ್ಣ ಹಚ್ಚಲು ಹೋದಾಗ ಕೈ ತಡೆದರು. "ಅದಕ್ಕ ಬಣ್ಣಾ ಹಚ್ಚಾಕ ಹೊತ್ತ ಇರಲಿಲ್ಲ." ಹಾಗಾಗಿ ಹಸಿರು ಹೊಟ್ಟೆಯ ಮೇಲೆ ಆ ಒಂದು ಚೂರು ಬೆಳ್ಳಗೇ ಉಳಿದಿದೆ.

ಗೌರವ ಸಲ್ಲುವುದಕ್ಕೆ ತಡವಾಗುವುದು ನಮಗೆ ಹೊಸದಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟೇರ್ ವಿಮಾನದಿಂದ, ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿ ಅಲ್ಲೇ ಮಡಿದರು. ಅವರು ಏನು ಮಾಡಿದರೆಂಬುದು ಇಲ್ಲಿ ಯಾರಿಗೂ ತಿಳಿದಿರಲಿಲ್ಲ. ಯುದ್ಧದ ಇತಿಹಾಸ ಬರೆದ ವಿದೇಶಿ ಲೇಖಕರೊಬ್ಬರ ಪುಸ್ತಕದಿಂದ ಅದು ಬೆಳಕಿಗೆ ಬಂದು, ಮಹಾವೀರಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ಮೇಲೆ. ಹಾರಿಸಿದವರ ಹೆಸರಿಗೇ ಇಷ್ಟು ಕಾಲ ಹಿಡಿದರೆ, ರಾತ್ರಿ ಕೂತು ತೇಪೆ ಹಚ್ಚಿದವರ ಹೆಸರು ಬರೆಯುವವರಾರು? ಸೆಖೋನರ ವಿಮಾನವನ್ನೂ ಆ ಮುಂಜಾನೆ ಯಾರೋ ಒರೆಸಿ, ಗಾಲಿಗೆ ಗಾಳಿ ನೋಡಿ, ತೋಪಿಗೆ ಗುಂಡು ತುಂಬಿ, ಸಹಿ ಹಾಕಿ ಅಣಿ ಮಾಡಿದ್ದರು. ಆ ಕೈಗಳಿಲ್ಲದೆ ಯಾವ ವೀರನೂ ನೆಲ ಬಿಟ್ಟು ಮೇಲೇಳಲಾರ. ಮಾದರಿ ಕಟ್ಟುತ್ತ ಕಟ್ಟುತ್ತ ನಾನು ಕಲಿತ ಪಾಠ ಇದು.

ಮಾಮಾ 2008ರಲ್ಲಿ ತೀರಿಕೊಂಡರು. ವಿಮಾನ ನಮ್ಮ ಶಾಲೆಯ ಗಾಜಿನ ಕಪಾಟಿನಲ್ಲಿದೆ. ನಾನು ನಿವೃತ್ತನಾಗುವ ತನಕ ಪ್ರತಿ ವರ್ಷ ಎಂಟನೇ ಇಯತ್ತೆಯ ಮಕ್ಕಳಿಗೆ ಅದನ್ನು ಹೊರಗೆ ತೆಗೆದು, ಅಂಗಾತ ತಿರುವಿ ತೋರಿಸುತ್ತಿದ್ದೆ. ತೋಪು ತೋರಿಸುವುದಕ್ಕಿಂತ ಮುಂಚೆ ತೇಪೆ ತೋರಿಸುತ್ತಿದ್ದೆ. ರಿವೆಟ್ ಎಣಿಸಿರಿ ಅನ್ನುತ್ತಿದ್ದೆ.

ಚಿಕ್ಕೋಡಿ, ರಾಯಬಾಗ, ಅಥಣಿಯ ಯಾವ ಹಳ್ಳಿಗೆ ಹೋದರೂ ಸೈನ್ಯದಲ್ಲಿ ದುಡಿದು ಬಂದ ಒಬ್ಬರಾದರೂ ಕಟ್ಟೆಯ ಮೇಲೆ ಕೂತಿರುತ್ತಾರೆ. ಅಡುಗೆ ಮಾಡಿದವರು, ಲಾರಿ ಓಡಿಸಿದವರು, ತಂತಿ ಎಳೆದವರು, ಗಾಯಕ್ಕೆ ಪಟ್ಟಿ ಕಟ್ಟಿದವರು. ಅವರಿಗೆ ವಯಸ್ಸಾಗಿದೆ, ದಿನಗಳು ಬಹಳ ಇಲ್ಲ. ಅವರ ಪಕ್ಕ ಹೋಗಿ ಕೂತುಕೊಳ್ಳಿ. ಎಷ್ಟು ಮಂದಿಯನ್ನು ಹೊಡೆದಿರಿ ಎಂದು ಕೇಳಬೇಡಿ. ನಿಮ್ಮ ಕೈಯಿಂದ ಮಾಡಿದ ಕೆಲಸ ಏನು, ಹೇಗೆ ಮಾಡಿದಿರಿ ಎಂದು ಕೇಳಿ. ಹೇಳಿದ್ದನ್ನು ಅಳತೆ ತಪ್ಪದಂತೆ ಬರೆದಿಡಿ.